ನೊರೆ ಕಾದ ಆರು ವಾರ

ಮದುವೆಯ ಊಟದಲ್ಲಿ ಎದುರಿಗೆ ಕುಳಿತವರು ಗ್ಲಾಸಿಗೆ ಬಿಯರ್ ಸುರಿದರೆ ನನ್ನ ತುಟಿಗಳು ತಾವಾಗಿಯೇ ಅಲುಗತೊಡಗುತ್ತವೆ. ಕಣ್ಣು ಗ್ಲಾಸಿನ ನೊರೆಯ ಮೇಲೆ ನೆಟ್ಟಿರುತ್ತದೆ, ಮನಸ್ಸಿನೊಳಗೆ 'ನಮೋ ಮರಿಯ' ಜಪ ಶುರುವಾಗಿರುತ್ತದೆ. ನೊರೆ ಒಡೆದು ಕೆಳಗಿನ ಬಿಯರ್ ಕಾಣಿಸುವ ಹೊತ್ತಿಗೆ ಎಷ್ಟು ಜಪವಾಯಿತೆಂದು ಎಣಿಸಿದ ಮೇಲೆಯೇ ನಾನು ಅನ್ನಕ್ಕೆ ಕೈ ಹಾಕುವುದು. ಕಳೆದ ತಿಂಗಳು ಹೀಗೆಯೇ ಒಂದು ಮದುವೆಯಲ್ಲಿ ವರನ ಕಡೆಯ ಒಬ್ಬ ತರುಣ ನನ್ನನ್ನು ಗಮನಿಸಿ ಗ್ಲಾಸನ್ನು ಮೆಲ್ಲನೆ ಕೆಳಗಿಟ್ಟ.

"ಅಂಕಲ್, ನೀವು ನನಗೋಸ್ಕರ ಪ್ರಾರ್ಥನೆ ಮಾಡ್ತಾ ಇದ್ದೀರಾ?"

"ಇಲ್ಲ ಮಗಾ, ನಿನ್ನ ನೊರೆಗೋಸ್ಕರ" ಎಂದೆ. ಅವನು ತಟ್ಟೆ ಸಮೇತ ಎದ್ದು ಬೇರೆ ಮೇಜಿಗೆ ಹೋದ. ಅವನಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ನೀವು ಅಷ್ಟು ಬೇಗ ಎದ್ದು ಹೋಗುವವರಲ್ಲ.

ಮೊದಲಿಗೆ ನಂಬಲು ಕಷ್ಟವಾದ ಒಂದು ಮಾತು. ನಾನು ಉಡುಪಿ ಕಡೆಯ ಕ್ರಿಶ್ಚಿಯನ್, ಮತ್ತು ನಾನು ಕುಡಿಯುವುದಿಲ್ಲ. ಹೀಗೆಂದರೆ ಜನ ನನ್ನನ್ನು, ಈಜು ಬಾರದ ಮೀನನ್ನು ನೋಡಿದ ಹಾಗೆ ನೋಡುತ್ತಾರೆ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ನನಗೆ ಹನ್ನೆರಡು ವರ್ಷವಾಗಿದ್ದಾಗ ನಮ್ಮ ಊರಿನ ಪಾದ್ರಿಗಳು ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿ 'ಜೀವಮಾನದಲ್ಲಿ ಮದ್ಯ ಮುಟ್ಟುವುದಿಲ್ಲ' ಎಂದು ಪ್ರತಿಜ್ಞೆ ಮಾಡಿಸಿದ್ದರು. ಉಳಿದವರೆಲ್ಲ ಮೀಸೆ ಮೂಡುವ ಹೊತ್ತಿಗೆ ಅದನ್ನು ಒಬ್ಬೊಬ್ಬರಾಗಿ ಮುರಿದರು. ನಾನು ಟೈಪಿಂಗು, ಶಾರ್ಟ್‌ಹ್ಯಾಂಡು ಎಂದು ಓಡಾಡುವ ಗಡಿಬಿಡಿಯಲ್ಲಿ ಮುರಿಯುವುದನ್ನು ಮರೆತುಬಿಟ್ಟೆ. ನೆನಪಾಗುವಷ್ಟರಲ್ಲಿ ಮೂವತ್ತು ದಾಟಿತ್ತು, ಇನ್ನೇನು ಮುರಿಯುವುದೆಂದು ಹಾಗೆಯೇ ಬಿಟ್ಟೆ. ನಮ್ಮವರ ಸಮಾರಂಭಗಳಲ್ಲಿ ನನ್ನ ಪಕ್ಕದ ಕುರ್ಚಿಗೆ ಮಾತ್ರ ಬಹಳ ನೂಕುನುಗ್ಗಲು ಇರುತ್ತಿತ್ತು, ನನ್ನ ಪಾಲು ಪಕ್ಕದವರಿಗೆ ಹೋಗುತ್ತಿತ್ತಲ್ಲ.

ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಕತಾರಿನ ದೋಹಾದಲ್ಲಿ, ಒಂದು ಕಟ್ಟಡ ಕಂಪನಿಯಲ್ಲಿ ಸೆಕ್ರೆಟರಿಯಾಗಿದ್ದೆ. ಬಿನ್ ಒಮ್ರಾನಿನ ಒಂದು ಫ್ಲ್ಯಾಟಿನಲ್ಲಿ ಏಳು ಜನರ ನಡುವೆ ನನ್ನ ಒಂದು ಮಂಚ. ಹೆಂಡತಿ ಸೆವ್ರಿನ್ ಊರಿನಲ್ಲಿ ತನ್ನ ತಾಯಿಯ ಮನೆಯಲ್ಲಿ ಹೆತ್ತಿದ್ದಳು. ಮಗಳಿಗೆ ರೀನಾ ಎಂದು ಹೆಸರಿಟ್ಟದ್ದು ನನಗೆ ಕಾಗದದಲ್ಲಿ ತಿಳಿಯಿತು. ಒಂಬತ್ತು ತಿಂಗಳಾದರೂ ಆ ಮಗುವನ್ನು ನಾನು ನೋಡಿದ್ದು ಎರಡು ಫೋಟೋಗಳಲ್ಲಿ ಮಾತ್ರ. ಒಂದರಲ್ಲಿ ಅದು ಬೆನ್ನು ಹಾಕಿತ್ತು. ಇಬ್ಬರನ್ನೂ ಕರೆಸಿಕೊಳ್ಳಲು ಫ್ಯಾಮಿಲಿ ವೀಸಾ ಬೇಕು, ಅದಕ್ಕೆ ಕಂಪನಿಯ ಪತ್ರ ಬೇಕು, ಪತ್ರಕ್ಕೆ ನಮ್ಮ ಮ್ಯಾನೇಜರ್ ಮಿಸ್ಟರ್ ಬ್ರಾಡ್‌ವೆಲ್ ಅವರ ಸಹಿ ಬೇಕು. ಪತ್ರವನ್ನು ನಾನೇ ಟೈಪ್ ಮಾಡಿ ಫೈಲಿನಲ್ಲಿಟ್ಟಿದ್ದೆ. ಅಂಥ ಸುಂದರವಾದ ಪತ್ರವನ್ನು ನಾನು ಅದಕ್ಕೆ ಮೊದಲೂ ಟೈಪ್ ಮಾಡಿಲ್ಲ, ಆಮೇಲೂ ಮಾಡಿಲ್ಲ.

ಬ್ರಾಡ್‌ವೆಲ್ ಇಂಗ್ಲೆಂಡಿನವರು, ಐವತ್ತರ ಆಸುಪಾಸು, ಕೆಂಪು ಮುಖ, ಒಳ್ಳೆಯ ಮನುಷ್ಯ. ಅವರಿಗೆ ಎರಡೇ ಸಂಗತಿಗಳಲ್ಲಿ ಶ್ರದ್ಧೆ: ಕಾಂಕ್ರೀಟ್ ಮತ್ತು ಸ್ಟೌಟ್. ಸ್ಟೌಟ್ ಎಂದರೆ ಸುಟ್ಟ ಬಾರ್ಲಿಯಿಂದ ಮಾಡುವ ಕಪ್ಪು ಬಿಯರ್. ಅಲ್ ಗರಾಫಾದ ತಮ್ಮ ವಿಲ್ಲಾದಲ್ಲಿ, ಸ್ಟೋರ್ ರೂಮಿನ ಒಳಗೆ, ಅದನ್ನು ಅವರೇ ಮಾಡುತ್ತಿದ್ದರು. ಆ ದೇಶದಲ್ಲಿ ಅದು ಕಾಂಪೌಂಡಿನ ಗೋಡೆ ದಾಟಬಾರದ ವ್ಯವಹಾರ. ಗೋಡೆಯೊಳಗೆ ಏನಿದೆ ಎಂದು ಯಾರೂ ಕೇಳುತ್ತಿರಲಿಲ್ಲ, ಯಾರೂ ಹೇಳುತ್ತಲೂ ಇರಲಿಲ್ಲ.

ಆ ಬೇಸಿಗೆಯಲ್ಲಿ ಅವರು ಆರು ವಾರ ರಜೆಯ ಮೇಲೆ ಊರಿಗೆ ಹೊರಟರು. ಹೊರಡುವ ಮುಂಚೆ ನನ್ನನ್ನು ಕ್ಯಾಬಿನ್ನಿಗೆ ಕರೆದು ಬಾಗಿಲು ಹಾಕಿದರು. ಸಹಿಯ ವಿಷಯವೇ ಇರಬೇಕೆಂದು ಫೈಲನ್ನು ಎದೆಗವಚಿಕೊಂಡು ಹೋದೆ.

"ಆಲ್ಫಿ, ನೀನು ಕ್ಯಾಥೊಲಿಕ್ ಅಲ್ಲವೇ?"

"ಹೌದು ಸರ್."

"ಹಾಗಾದರೆ ನಿನಗೆ ಇದೆಲ್ಲ ಗೊತ್ತಿರುತ್ತದೆ" ಎಂದು ಒಂದು ಕೀಲಿಕೈಯನ್ನೂ ಒಂದು ಹಾಳೆಯನ್ನೂ ಮುಂದಿಟ್ಟರು.

ಯಾವುದೆಲ್ಲ ಎಂದು ಕೇಳಬೇಕಿತ್ತು. ಆದರೆ ಹತ್ತು ವರ್ಷ ಸೆಕ್ರೆಟರಿಯಾಗಿ ದುಡಿದವನ ಬಾಯಿಂದ 'ಯೆಸ್ ಸರ್' ಎಂಬುದು ಯೋಚನೆಗಿಂತ ಮೊದಲೇ ಹೊರಟುಬಿಡುತ್ತದೆ. ಹಾಳೆಯಲ್ಲಿ ಇದ್ದದ್ದು ಇಷ್ಟು: ಸ್ಟೌಟ್ ತುಂಬಿದ ಕೆಗ್ ಫ್ರಿಜ್ಜಿನಲ್ಲಿದೆ, ಅದರೊಳಗೆ ಸಿಲಿಂಡರಿನಿಂದ ಸೋಡಾ ಗ್ಯಾಸ್ ನಿಧಾನವಾಗಿ ಸೇರಬೇಕು, ಎ.ಸಿ.ಯನ್ನು ಎಂದೂ ಆರಿಸಬಾರದು; ಗ್ಯಾಸಿನ ಒತ್ತಡ ತೋರಿಸುವ ಮುಳ್ಳು ಹನ್ನೆರಡರಲ್ಲಿ ನಿಂತಿರಬೇಕು; ಪ್ರತಿ ಶುಕ್ರವಾರ ಒಂದು ಗ್ಲಾಸ್ ಸುರಿದು ನೋಡಬೇಕು; ನೊರೆ ಎರಡು ಬೆರಳು ದಪ್ಪವಿರಬೇಕು, ಮೂರು ನಿಮಿಷ ಕದಲದೆ ನಿಲ್ಲಬೇಕು. ಕೊನೆಯಲ್ಲಿ 'ಒಂದೇ ಗ್ಲಾಸ್, ಆಲ್ಫಿ!' ಎಂದು ಬರೆದು ಎರಡು ಗೆರೆ ಎಳೆದಿದ್ದರು. ಅವರು ಹಿಂದಿರುಗಿದ ಮರುದಿನವೇ ಬ್ರಿಟಿಷ್ ಇಂಜಿನಿಯರುಗಳ ನಡುವೆ ಮನೆಯಲ್ಲೇ ಮಾಡಿದ ಬಿಯರಿನ ವಾರ್ಷಿಕ ಪಂದ್ಯವಂತೆ. ಹಿಂದಿನ ವರ್ಷ ಗೆದ್ದ ಸ್ಕಾಟ್ಲೆಂಡಿನವನು ಇವರ ಸ್ಟೌಟಿಗೆ 'ತಣಿದ ಕಾಫಿ' ಎಂದಿದ್ದನಂತೆ. ಆ ಗಾಯ ಇನ್ನೂ ಹಸಿಯಾಗಿತ್ತು.

"ಸರ್, ಈ ಪತ್ರ…" ಎಂದು ಫೈಲು ತೆರೆದೆ.

"ಬಂದ ಮೇಲೆ ನೋಡೋಣ" ಎಂದು ಪೆಟ್ಟಿಗೆ ಎತ್ತಿಕೊಂಡರು.

ನೊರೆ ನಿಂತರೆ ಸಹಿ, ನಿಲ್ಲದಿದ್ದರೆ ಇಲ್ಲ ಎಂದು ಅವರೇನೂ ಹೇಳಿರಲಿಲ್ಲ. ಎರಡನ್ನೂ ಗಂಟು ಹಾಕಿದ್ದು ನನ್ನ ಗುಮಾಸ್ತ ಬುದ್ಧಿ. ಅಂದು ಸಂಜೆಯಿಂದಲೇ ನನ್ನ ಸಂಸಾರವೆಲ್ಲ ಎರಡು ಬೆರಳು ದಪ್ಪದ ನೊರೆಯ ಮೇಲೆ ತೇಲತೊಡಗಿತು.

ಮೊದಲ ಶುಕ್ರವಾರ ಚರ್ಚಿಲ್ಲದ ಆ ಊರಿನಲ್ಲಿ ಯಾರದೋ ಮನೆಯ ಹಜಾರದಲ್ಲಿ ನಡೆಯುತ್ತಿದ್ದ ಬಲಿಪೂಜೆ ಮುಗಿಸಿ, ಕಿತ್ತಳೆ-ಬಿಳಿ ಟ್ಯಾಕ್ಸಿ ಹಿಡಿದು ಅಲ್ ಗರಾಫಾಕ್ಕೆ ಹೋದೆ. ಕೆಗ್ ಎಂದರೆ ಮೊಣಕಾಲಿಗಿಂತ ಸ್ವಲ್ಪ ಎತ್ತರದ ಸ್ಟೀಲ್ ಡಬ್ಬ; ಮೊದಲು ಹೋಟೆಲುಗಳಿಗೆ ಸೋಡಾದ ಸಿರಪ್ ಕಳಿಸಲು ಬಳಸುತ್ತಿದ್ದದ್ದಂತೆ. ನೆತ್ತಿಯಲ್ಲಿ ಮೊಟ್ಟೆಯಾಕಾರದ ಮುಚ್ಚಳ, ಮುಚ್ಚಳಕ್ಕೆ ರಬ್ಬರ್ ರಿಂಗ್. ಒಂದು ಕಡೆಯಿಂದ ಗ್ಯಾಸಿನ ಪೈಪು ಒಳಗೆ ಹೋಗುತ್ತದೆ, ಇನ್ನೊಂದು ಕಡೆಯಿಂದ ನಲ್ಲಿಯ ಪೈಪು ಹೊರಗೆ ಬರುತ್ತದೆ. ಶಿಲುಬೆಯ ಗುರುತು ಮಾಡಿ ನಲ್ಲಿ ಒತ್ತಿದೆ. ಕಪ್ಪಗೆ ಸುರಿಯಿತು. ಗುಳ್ಳೆ ಇಲ್ಲ, ನೊರೆ ಇಲ್ಲ, ಸದ್ದೂ ಇಲ್ಲ. ಬಾಣಂತಿಯ ಕಷಾಯ ಆರಿಸಿಟ್ಟಂತೆ ಗ್ಲಾಸು ಸುಮ್ಮನೆ ನನ್ನ ಮುಖ ನೋಡಿತು.

ಗ್ಯಾಸ್ ಎಲ್ಲೋ ಸೋರುತ್ತಿದೆ ಎಂದು ಅರ್ಥ ಮಾಡಿಕೊಳ್ಳಲು ಕುಡುಕನೇ ಆಗಬೇಕಿಲ್ಲ. ಊರಿನಲ್ಲಿ ಅಡುಗೆ ಗ್ಯಾಸಿನ ಸಿಲಿಂಡರಿಗೆ ಮಾಡುವ ಹಾಗೆ ಸೋಪಿನ ನೀರು ಹಚ್ಚಿ ನೋಡಿದೆ. ಮುಚ್ಚಳದ ಅಂಚಿನಲ್ಲಿ ಗುಳ್ಳೆ ಎದ್ದವು. ರಬ್ಬರ್ ರಿಂಗ್ ಒಣಗಿ ಗಟ್ಟಿಯಾಗಿತ್ತು. ಇದಕ್ಕೆ ಮದ್ದು ನಮ್ಮ ಕರಾವಳಿಯ ಪ್ರತಿ ಮನೆಗೂ ಗೊತ್ತು. ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್ ಬಿಗಿಯಾದಾಗ ನನ್ನ ತಾಯಿ ಏನು ಮಾಡುತ್ತಿದ್ದರು? ಒಂದಿಷ್ಟು ತೆಂಗಿನೆಣ್ಣೆ ಸವರುತ್ತಿದ್ದರು.

ಎಣ್ಣೆಗೆ ಬರವಿರಲಿಲ್ಲ. ಏಳು ಜನರಿಗೆ ಒಂದೇ ಬಚ್ಚಲಿದ್ದ ನಮ್ಮ ಫ್ಲ್ಯಾಟಿನಿಂದ ಬಂದವನಿಗೆ ಬ್ರಾಡ್‌ವೆಲ್ ಅವರ ವಿಶಾಲವಾದ ಬಾತ್‌ರೂಮು ಸ್ವರ್ಗದ ಹಾಗೆ ಕಂಡಿತ್ತು. ಅಲ್ಲಿ ಎಣ್ಣೆಸ್ನಾನ ಮಾಡುವ ಆಸೆಯಿಂದ ಎಣ್ಣೆಯ ಬಾಟಲಿ, ಟವೆಲು ಚೀಲದಲ್ಲಿ ಹಿಡಿದುಕೊಂಡೇ ಹೋಗಿದ್ದೆ. ಎ.ಸಿ.ಯ ಚಳಿಗೆ ಎಣ್ಣೆ ತುಪ್ಪದ ಹಾಗೆ ಗಟ್ಟಿಯಾಗಿತ್ತು. ಚಮಚದ ಹಿಡಿಯಿಂದ ಕೆತ್ತಿ ತೆಗೆದು, ರಿಂಗಿಗೆ ಧಾರಾಳವಾಗಿ ಬಳಿದೆ. ಕೈಯಲ್ಲಿ ಉಳಿದದ್ದನ್ನು ತಲೆಗೆ ಉಜ್ಜಿಕೊಂಡೆ. ಮುಚ್ಚಳ ಹಾಕಿದರೆ ಸೋರಿಕೆ ಪೂರ್ತಿ ನಿಂತಿತು. ಊರಿನ ವಿದ್ಯೆ ಊರಾಚೆಗೂ ನಡೆಯುತ್ತದೆ ಎಂದು ನನಗೆ ಸ್ವಲ್ಪ ಹೆಮ್ಮೆಯೇ ಆಯಿತು.

ಎರಡನೆಯ ಶುಕ್ರವಾರ ನಲ್ಲಿ ಒತ್ತಿದರೆ, ಅಬ್ಬ, ಎಂಥ ಜೀವ! ಲಕ್ಷ ಗುಳ್ಳೆಗಳು ಮೇಲಕ್ಕೆ ಓಡಿ ಬಂದವು, ಕಂದು ಬಣ್ಣದ ನೊರೆ ಗ್ಲಾಸಿನ ಬಾಯಿಯವರೆಗೆ ಉಬ್ಬಿತು. ಕೈ ಒದ್ದೆಯಾಗಿದ್ದರಿಂದ ವಾಚ್ ಬಿಚ್ಚಿಟ್ಟಿದ್ದೆ. ತಾಯಿ ಗಂಜಿ ಬೇಯುವ ಹೊತ್ತನ್ನು ಜಪಸರದಿಂದ ಅಳೆಯುತ್ತಿದ್ದ ಅಭ್ಯಾಸ ನನಗೂ ಇತ್ತು. ಒಂದು 'ನಮೋ ಮರಿಯ' ಸಮಾಧಾನದಿಂದ ಹೇಳಿದರೆ ಹದಿನೆಂಟು ಸೆಕೆಂಡು. ಮೂರು ನಿಮಿಷಕ್ಕೆ ಹತ್ತು, ಅಂದರೆ ಜಪಸರದ ಸರಿಯಾಗಿ ಒಂದು ಹತ್ತು ಮಣಿ. ಕಣ್ಣು ಮುಚ್ಚಿ ಭಕ್ತಿಯಿಂದ ಒಂದನೆಯದನ್ನು ಹೇಳಿ 'ಆಮೆನ್' ಎಂದು ಕಣ್ಣು ತೆರೆದೆ. ನೊರೆ ಇರಲಿಲ್ಲ. ಇತ್ತು ಎಂಬುದಕ್ಕೆ ಸಾಕ್ಷಿಯೂ ಇರಲಿಲ್ಲ.

ಇನ್ನೊಂದು ಗ್ಲಾಸ್, ಮತ್ತೊಂದು ಗ್ಲಾಸ್. ಒಂದು ಜಪ ಮುಗಿಯುವುದರೊಳಗೆ ನೊರೆ ಮಾಯ. ಗುಳ್ಳೆ ಬರುತ್ತದೆ, ಏಳುತ್ತದೆ, ಮೇಲೆ ಬಂದ ಕೂಡಲೇ ಸಾಯುತ್ತದೆ. ಸುರಿದದ್ದನ್ನೆಲ್ಲ ಹಿತ್ತಲ ಬೋಗನ್‌ವಿಲ್ಲಾ ಗಿಡದ ಬುಡಕ್ಕೆ ಚೆಲ್ಲಿದೆ.

ಮಾರನೆಯ ದಿನ ಶನಿವಾರ ಬೆಳಿಗ್ಗೆ ಇಂಗ್ಲೆಂಡಿನಿಂದ ಆಫೀಸಿಗೆ ಫೋನು. ನಾವು ಕಟ್ಟುತ್ತಿದ್ದ ಹನ್ನೆರಡು ಮಹಡಿಯ ಕಟ್ಟಡದ ಬಗ್ಗೆ ಬ್ರಾಡ್‌ವೆಲ್ ಒಂದು ಮಾತನ್ನೂ ಕೇಳಲಿಲ್ಲ.

"ನೊರೆ ಹೇಗಿದೆ, ಆಲ್ಫಿ?"

"ಬಹಳ ಚೆನ್ನಾಗಿದೆ ಸರ್. ದಪ್ಪಗಿದೆ. ಗ್ಯಾಸೂ ಸರಿಯಾಗಿದೆ."

ಪಕ್ಕದ ಮೇಜಿನ ಮಲಯಾಳಿ ಅಕೌಂಟೆಂಟ್ ಬಾಸಿನ ಮನೆಯಲ್ಲಿ ಮಗು ಇದೆಯೇ, ಅದಕ್ಕೆ ಹೊಟ್ಟೆ ಸರಿಯಿಲ್ಲವೇ ಎಂದು ಕೇಳಿದ. ನಾನು ಹೌದೆಂದೆ. ಸುಳ್ಳು ಒಂದು ಸಲ ಬಾಗಿಲು ದಾಟಿದರೆ ಬಂಧು ಬಳಗವನ್ನೆಲ್ಲ ಕರೆದುಕೊಂಡೇ ಬರುತ್ತದೆ.

ಮುಂದಿನ ಎರಡು ವಾರ ನಾನು ಮಾಡಿದ ಚಿಕಿತ್ಸೆಗಳನ್ನು ಈಗ ನೆನೆಸಿದರೆ ನನಗೇ ನಾಚಿಕೆಯಾಗುತ್ತದೆ. ಗ್ಯಾಸ್ ಕಡಿಮೆಯಾಯಿತೆಂದು ಮುಳ್ಳನ್ನು ಮೂವತ್ತಕ್ಕೆ ಏರಿಸಿದೆ. ನಲ್ಲಿ ಒತ್ತಿದಾಗ ಸ್ಟೌಟ್ ಗ್ಲಾಸಿಗೆ ಬೀಳುವುದನ್ನು ಬಿಟ್ಟು ನೇರ ನನ್ನ ಎದೆಗೆ ಹಾರಿತು. ಪೂಜೆಗೆ ಹಾಕಿದ ಬಿಳಿ ಅಂಗಿಯಲ್ಲಿ ಟ್ಯಾಕ್ಸಿ ಹತ್ತುವಂತಿಲ್ಲ. ಒಗೆದು, ಒಣಗುವ ತನಕ ಬ್ರಾಡ್‌ವೆಲ್ ಅವರ ಹೂವಿನ ಡ್ರೆಸ್ಸಿಂಗ್ ಗೌನಿನಲ್ಲಿ ಕುಳಿತಿದ್ದೆ. ಕೆಗ್ಗನ್ನು ಕುಲುಕಿದರೆ ಗ್ಯಾಸ್ ಬೇಗ ಬೆರೆಯುತ್ತದೆ ಎಂದು ಅನ್ನಿಸಿ ಅದನ್ನು ಕಾರ್ಪೆಟ್ಟಿನ ಮೇಲೆ ಅಡ್ಡ ಮಲಗಿಸಿ, ಸೋಫಾದಲ್ಲಿ ಕುಳಿತು ಕಾಲಿನಿಂದ ಹಿಂದೆ ಮುಂದೆ ಉರುಳಿಸಿದೆ. ಹಾಗೆ ಉರುಳಿಸುವಾಗ ನನಗೆ ತೊಟ್ಟಿಲು ನೆನಪಾಯಿತು. ನನ್ನ ಮಗಳನ್ನು ತೂಗಬೇಕಾದ ಕಾಲು ಇಲ್ಲಿ ಇನ್ನೊಬ್ಬರ ಬಿಯರನ್ನು ತೂಗುತ್ತಿದೆ ಎನ್ನಿಸಿ, ನಿಜ ಹೇಳುತ್ತೇನೆ, ಅಲ್ಲಿಯೇ ಕುಳಿತು ಅತ್ತುಬಿಟ್ಟೆ. ಕೆಗ್ಗಿನ ಮೇಲೆ ಇದರಿಂದ ಯಾವ ಪರಿಣಾಮವೂ ಆಗಲಿಲ್ಲ.

ಬಿನ್ ಒಮ್ರಾನಿನಲ್ಲಿ ನಮ್ಮ ಫ್ಲ್ಯಾಟಿನ ಕೆಳಗೆ ಅದ್ರಾಮಾಕನ ಕೆಫೆಟೇರಿಯಾ. ಉಳ್ಳಾಲದ ಕಡೆಯ ಬ್ಯಾರಿ, ಅಂದರೆ ನಮ್ಮ ಕರಾವಳಿಯ ಮುಸ್ಲಿಂ. ಅಬ್ದುಲ್ ರಹಿಮಾನ್ ಎಂಬ ಹೆಸರು ನಮ್ಮೂರವರ ಬಾಯಲ್ಲಿ ಸವೆದು ಸವೆದು ಅದ್ರಾಮಾಕ ಆಗಿತ್ತು. ಇಪ್ಪತ್ತು ವರ್ಷದಿಂದ ದೋಹಾದಲ್ಲಿದ್ದ, ಐದು ಹೊತ್ತು ನಮಾಜು ಮಾಡುವ, ಬೀಡಿಯನ್ನೂ ಮುಟ್ಟದ ಮನುಷ್ಯ. ಅವನು ಚಹಾವನ್ನು ಒಂದು ಮಗ್ಗಿನಿಂದ ಇನ್ನೊಂದಕ್ಕೆ ಕೈ ಚಾಚಿ ಎತ್ತರದಿಂದ ಸುರಿದರೆ ಮೇಲೆ ನಿಲ್ಲುವ ನೊರೆ ನೋಡಲೆಂದೇ ಜನ ಬರುತ್ತಿದ್ದರು. ನಾಲ್ಕನೆಯ ವಾರದ ಒಂದು ಸಂಜೆ ಚಹಾ ಎದುರಿಗಿಟ್ಟುಕೊಂಡು ನಾನು ಸುಮ್ಮನೆ ನೊರೆಯನ್ನೇ ನೋಡುತ್ತ ಕುಳಿತಿದ್ದೆ. ತುಟಿ ಅಲುಗುತ್ತಿತ್ತು. ಎಂಟು ಜಪವಾದರೂ ನೊರೆ ನಿಂತೇ ಇತ್ತು.

"ಎಂತ ಪೊರ್ಬುಗಳೇ, ಚಾ ಕುಡಿಯುದಾ, ಪೂಜೆ ಮಾಡುದಾ?" ಎಂದ. ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಹಾಗೆ ಕರೆಯುವುದು ವಾಡಿಕೆ.

"ಅದ್ರಾಮಾಕ, ಈ ನೊರೆ ಒಡೆಯದೆ ನಿಲ್ಲಿಕ್ಕೆ ಎಂತ ಹಾಕ್ತೀರಿ?"

"ಎಂತ ಹಾಕುದಿಲ್ಲ. ಎಂತ ಹಾಕದೆ ಇರುದೇ ಅದರ ಗುಟ್ಟು. ನಿಮಗೆಂತಕ್ಕೆ?"

"ನಾನೊಂದು ಕಷಾಯ ಮಾಡ್ತಿದ್ದೇನೆ. ಬಾರ್ಲಿದ್ದು. ನೊರೆ ನಿಲ್ಲುದಿಲ್ಲ."

ಅದ್ರಾಮಾಕ ನನ್ನನ್ನು ಎರಡು ಜಪದಷ್ಟು ಹೊತ್ತು ನೋಡಿದ. "ಕಷಾಯಕ್ಕೆ ನೊರೆ ಎಂತಕ್ಕೆ ಮಾರಾಯ್ರೆ?"

"ಡಾಕ್ಟರ್ ಹೇಳಿದ್ದಾರೆ."

"ಡಾಕ್ಟರ್ ಹೇಳಿದ್ರೆ ಬೇಕೇ ಬೇಕು" ಎಂದು ತಲೆಯಾಡಿಸಿದ. ಅವನಿಗೆ ಅರ್ಥವಾಗಿತ್ತು ಎಂದು ನನಗೆ ಗೊತ್ತು, ನನಗೆ ಗೊತ್ತೆಂದು ಅವನಿಗೂ ಗೊತ್ತು. ಆದರೆ ಕೊನೆಯವರೆಗೂ ಅವನು ಅದನ್ನು ಕಷಾಯ ಎಂದೇ ಕರೆದ. "ಪರೋಟ ತಿಂದ ಕೈಯಲ್ಲಿ ಯಾರಾದ್ರೂ ಗ್ಲಾಸ್ ಮುಟ್ಟಿದ್ರೆ ನೊರೆ ಖಲಾಸ್. ಎಣ್ಣೆ ಪಸೆಗೂ ನೊರೆಗೂ ಆಗುದಿಲ್ಲ. ಗ್ಲಾಸ್ ಸಮ ತೊಳೀರಿ."

ಆ ಶುಕ್ರವಾರ ಬ್ರಾಡ್‌ವೆಲ್ ಅವರ ಮನೆಯ ಗ್ಲಾಸುಗಳನ್ನೆಲ್ಲ ಸೋಡಾಪುಡಿ ಹಾಕಿ, ಬಿಸಿನೀರಿನಲ್ಲಿ, ತಟ್ಟೆ ಬಟ್ಟಲುಗಳ ಸಮೇತ ತೊಳೆದೆ. ನೊರೆ ಮತ್ತೆ ಒಂದೇ ಜಪಕ್ಕೆ ಮುಗಿಯಿತು. ಬ್ರಾಡ್‌ವೆಲ್ ಬರಲು ಇನ್ನು ಹದಿಮೂರು ದಿನ. ಟ್ಯಾಕ್ಸಿ ಇಳಿದು ನೇರ ಕೆಫೆಟೇರಿಯಾಕ್ಕೆ ಹೋದೆ.

"ಗ್ಲಾಸ್ ಕ್ಲೀನ್ ಉಂಟಾ?"

"ಕನ್ನಡಿಯ ಹಾಗೆ ಉಂಟು."

"ಪಾತ್ರೆ?"

"ಸ್ಟೀಲ್. ಕ್ಲೀನ್."

"ಮುಚ್ಚಳ?"

"ಮುಚ್ಚಳಕ್ಕೆ ರಬ್ಬರ್ ರಿಂಗ್ ಉಂಟು."

"ರಿಂಗಿಗೆ ಎಂತಾದ್ರೂ ಹಚ್ಚಿದ್ದೀರಾ?"

ನನ್ನ ಕೈ ತಾನಾಗಿಯೇ ತಲೆಗೆ ಹೋಯಿತು. ಅದ್ರಾಮಾಕ ಕೌಂಟರಿನಿಂದ ಮುಂದೆ ಬಾಗಿ ನನ್ನ ತಲೆಯನ್ನು ಒಮ್ಮೆ ಮೂಸಿ ನೋಡಿದ. ಆಮೇಲೆ ಮಗ್ಗುಗಳೆರಡನ್ನೂ ಕೆಳಗಿಟ್ಟು, ಕೌಂಟರಿಗೆ ಹಣೆ ತಾಗಿಸಿ, ಭುಜ ಕುಣಿಯುವ ಹಾಗೆ ನಗತೊಡಗಿದ. ಚಹಾಕ್ಕೆ ಕಾದಿದ್ದ ಇಬ್ಬರು ಪಠಾಣರು ಅವನಿಗೆ ಏನೋ ಆಯಿತೆಂದು ನೀರು ತಂದರು.

"ನಾವು ಊರಿನವರೇ ಹೀಗೆ" ಎಂದ, ಕಣ್ಣೊರೆಸಿಕೊಂಡು. "ಬಾಗಿಲು ಕಿರ್ ಅಂದ್ರೆ ತೆಂಗಿನೆಣ್ಣೆ, ಕಿವಿ ನೋವಂದ್ರೆ ತೆಂಗಿನೆಣ್ಣೆ. ನನ್ನ ಅಜ್ಜಿ ಗಡಿಯಾರಕ್ಕೂ ಬಿಟ್ಟಿದ್ರು, ಆಮೇಲೆ ಅದು ನಡೀಲೇ ಇಲ್ಲ."

"ಈಗ ಎಂತ ಮಾಡುದು ಅದ್ರಾಮಾಕ? ನನ್ನ ಹೆಂಡತಿ ಮಕ್ಕಳ ವೀಸಾ ಅದರ ಮೇಲೆ ನಿಂತದೆ."

ಈ ಮಾತಿಗೆ ಅವನ ನಗು ನಿಂತಿತು. ಕಷಾಯಕ್ಕೂ ವೀಸಾಕ್ಕೂ ಏನು ಸಂಬಂಧ ಎಂದು ಅವನು ಕೇಳಲಿಲ್ಲ. ಅವನ ಹೆಂಡತಿಯೂ ಊರಲ್ಲೇ ಇದ್ದಳು. ಮಗ್ಗುಗಳನ್ನು ಮತ್ತೆ ಕೈಗೆತ್ತಿಕೊಂಡು, "ಕೋಳಿ ಸಾರು ಫ್ರಿಜ್ಜಿನಲ್ಲಿಟ್ರೆ ಕೊಬ್ಬು ಎಲ್ಲಿ ನಿಲ್ತದೆ?" ಎಂದು ಕೇಳಿದ.

"ಮೇಲೆ. ಗಟ್ಟಿಯಾಗಿ."

"ಎಣ್ಣೆಯೂ ಹಾಗೇ. ಮುಚ್ಚಳ ತೆಗೀರಿ, ಮೇಲಿಂದ ಬಳಿದು ತೆಗೀರಿ." ಒಳಗಿನಿಂದ ಒಂದು ಹೊಸ ಚಹಾ ಸೋಸುವ ಬಟ್ಟೆಯನ್ನು ತಂದು ಕೊಟ್ಟ. "ರಿಂಗನ್ನು ಸೋಪಿನಲ್ಲಿ ತೊಳೆದು ಬಿಸಿನೀರಲ್ಲಿ ನೆನೆಸಿ, ಮೆತ್ತಗಾಗ್ತದೆ. ಒದ್ದೆ ಇರುವಾಗಲೇ ಕೂರಿಸಿ. ಎಣ್ಣೆ ಮಾತ್ರ ಮಾಫಿ, ಬೇಡವೇ ಬೇಡ. ತಲೆಗೂ ಹಚ್ಚಿಕೊಂಡು ಹೋಗ್ಬೇಡಿ."

ಮುಂದಿನ ಶುಕ್ರವಾರದವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಮಾರನೆಯ ದಿನ ಆಫೀಸು ಬಿಟ್ಟ ಕೂಡಲೇ ಶಾಂಪೂವಿನಿಂದ ಮೂರು ಸಲ ತಲೆ ತೊಳೆದು ಹೋದೆ. ಗ್ಯಾಸ್ ನಿಲ್ಲಿಸಿ ಮುಚ್ಚಳ ತೆಗೆದು ಟಾರ್ಚ್ ಹಾಕಿದರೆ, ಕಪ್ಪು ಸ್ಟೌಟಿನ ಮೇಲೆ ತೆಂಗಿನೆಣ್ಣೆಯ ಬಿಳಿ ಬಿಳಿ ಚೂರುಗಳು ತೇಲುತ್ತಿದ್ದವು. ಸೋಸುವ ಬಟ್ಟೆಯಿಂದ ಒಂದೊಂದನ್ನೇ ಬಳಿದು ತೆಗೆದೆ. ಬಿಸಿನೀರಿನಲ್ಲಿ ಮೆತ್ತಗಾದ ರಿಂಗನ್ನು ಕೂರಿಸಿ, ಒಳಗಿನಿಂದ ಕೂರುವ ಆ ಮುಚ್ಚಳವನ್ನು ಒಂದು ಕೈಯಿಂದ ಮೇಲಕ್ಕೆ ಬಿಗಿಯಾಗಿ ಎಳೆದು ಹಿಡಿದು, ಇನ್ನೊಂದು ಕೈಯಿಂದ ಗ್ಯಾಸ್ ಬಿಟ್ಟೆ. ಧಡ್ ಎಂದು ಕೂತಿತು. ಸೋಪಿನ ನೀರಿಗೆ ಒಂದು ಗುಳ್ಳೆಯೂ ಏಳಲಿಲ್ಲ. ಮುಳ್ಳನ್ನು ಹನ್ನೆರಡಕ್ಕೆ ತಂದು ಅಲ್ಲಿಯೇ ಬಿಟ್ಟು, ಇನ್ನು ಹತ್ತು ದಿನ ಅದರ ತಂಟೆಗೆ ಹೋಗುವುದಿಲ್ಲ ಎಂದು ಇನ್ನೊಂದು ಪ್ರತಿಜ್ಞೆ ಮಾಡಿದೆ.

ಬ್ರಾಡ್‌ವೆಲ್ ಗುರುವಾರ ಬರುವವರಿದ್ದರು. ಬುಧವಾರ ಮಧ್ಯಾಹ್ನ ಸುರಿದು ನೋಡಿದೆ. ಐದು ಜಪ ನಿಂತಿತು. ಆರನೆಯದರ ಅರ್ಧಕ್ಕೆ ನಡುವಿನಲ್ಲಿ ಒಂದು ತೂತು ಬಿತ್ತು. ಎಲ್ಲೋ ಒಂದು ಹನಿ ಎಣ್ಣೆ ಇನ್ನೂ ಉಳಿದಿರಬೇಕು. ಐದೂವರೆ ಜಪಕ್ಕೆ ಅರ್ಧ ಸಹಿ ಹಾಕುವ ಪದ್ಧತಿ ಯಾವ ಕಂಪನಿಯಲ್ಲೂ ಇಲ್ಲ.

"ಸುರಿಯುದು ಹೇಗೆ?" ಎಂದು ಕೇಳಿದ ಅದ್ರಾಮಾಕ.

"ನಲ್ಲಿಯ ಹತ್ರ ಗ್ಲಾಸ್ ಹಿಡಿದು, ಮೆಲ್ಲ."

"ಮೆಲ್ಲ ಸುರಿದ್ರೆ ಎಂತ ನೊರೆ ಬರ್ತದೆ? ಮುಕ್ಕಾಲು ಮೆಲ್ಲ ತುಂಬಿಸಿ. ಸ್ವಲ್ಪ ಬಿಡಿ. ಕೊನೆಯ ಕಾಲು ಭಾಗ ಎತ್ತರದಿಂದ, ಒಂದೇ ಎಳೆಯಲ್ಲಿ." ಅಂದು ಅವನು ನೀರು ತುಂಬಿದ ಮಗ್ಗುಗಳನ್ನು ಕೊಟ್ಟು ಫುಟ್‌ಪಾತಿನಲ್ಲಿ ನನಗೆ ಒಂದು ಗಂಟೆ ಅಭ್ಯಾಸ ಮಾಡಿಸಿದ. ನೋಡಲು ನಿಂತವರಲ್ಲಿ ಒಬ್ಬ ನನಗೆ ಕೆಫೆಟೇರಿಯಾದಲ್ಲಿ ಕೆಲಸ ಸಿಕ್ಕಿತೆಂದು ತಿಳಿದು ಶುಭಾಶಯ ಹೇಳಿದ.

ಶುಕ್ರವಾರ ಮಧ್ಯಾಹ್ನ ವಿಲ್ಲಾದಲ್ಲಿ ಆರು ಮಂದಿ ಇಂಜಿನಿಯರುಗಳು ಅರ್ಧ ಚಡ್ಡಿಯಲ್ಲಿ ಗಂಭೀರವಾಗಿ ಕುಳಿತಿದ್ದರು. ಸುರಿಯುವ ಕೆಲಸ ನನ್ನದು. ಮುಕ್ಕಾಲು ಗ್ಲಾಸು ಮೆಲ್ಲಗೆ ತುಂಬಿಸಿದೆ. ನಿಂತೆ. ಆಮೇಲೆ ನಲ್ಲಿಯ ಪೈಪನ್ನು ತಲೆಯ ಮೇಲಕ್ಕೆ ಎತ್ತಿ, ಗ್ಲಾಸನ್ನು ಸೊಂಟದ ಕೆಳಗೆ ಇಳಿಸಿ, ಒಂದೇ ಎಳೆಯಲ್ಲಿ ಬಿಟ್ಟೆ. ಕುಳಿತವರು ಯಾರೂ ಉಸಿರಾಡಲಿಲ್ಲ. ಸ್ವಲ್ಪ ನನ್ನ ತೋಳಿಗೂ ಚೆಲ್ಲಿತು. ಆದರೆ ಗ್ಲಾಸಿನ ಮೇಲೆ ಎರಡೂವರೆ ಬೆರಳು ದಪ್ಪದ, ಕಾಫಿ ಬಣ್ಣದ, ಕೆನೆಯಂಥ ನೊರೆ ನಿಂತಿತು. ಬ್ರಾಡ್‌ವೆಲ್ ವಾಚ್ ಹಿಡಿದರು. ನಾನು ಮೂಲೆಯಲ್ಲಿ ನಿಂತು ತುಟಿ ಅಲುಗಿಸಿದೆ. ಹತ್ತನೆಯ ಜಪ ಮುಗಿದಾಗಲೂ ಅದು ಅಲ್ಲೇ ಇತ್ತು. ಹನ್ನೊಂದನೆಯದನ್ನು ಲೆಕ್ಕಕ್ಕಲ್ಲ, ಕೃತಜ್ಞತೆಗೆ ಹೇಳಿದೆ.

ಸ್ಕಾಟ್ಲೆಂಡಿನವನು ಒಂದು ಗುಟುಕು ಕುಡಿದ. ಹುಬ್ಬು ಗಂಟಿಕ್ಕಿದ. ಇನ್ನೊಂದು ಗುಟುಕು ಕುಡಿದ.

"ಇದರಲ್ಲಿ ಏನೋ ಇದೆ" ಎಂದ. "ಕೊನೆಯಲ್ಲಿ, ನಾಲಿಗೆಯ ಹಿಂದೆ. ತೆಂಗಿನಕಾಯಿಯೇ?"

ಬ್ರಾಡ್‌ವೆಲ್ ಕುಡಿದು ನೋಡಿದರು. ನನ್ನ ಮುಖ ನೋಡಿದರು. ನಾನು ಕಾರ್ಪೆಟ್ ನೋಡಿದೆ.

"ಸಹಜವಾಗಿಯೇ" ಎಂದರು ಅವರು, ಗ್ಲಾಸನ್ನು ಬೆಳಕಿಗೆ ಹಿಡಿದು. "ಅದೇ ನನ್ನ ಈ ವರ್ಷದ ಪ್ರಯೋಗ."

ಪಂದ್ಯ ಗೆದ್ದರು. ಶನಿವಾರ ಬೆಳಿಗ್ಗೆ ಕ್ಯಾಬಿನ್ನಿಗೆ ಕರೆದು, ತೆಂಗಿನಕಾಯಿಯನ್ನು ಎಷ್ಟು ಹಾಕಿದೆ ಎಂದು ಕೇಳಿದರು. ಒಂದು ಚಮಚ, ಗಟ್ಟಿ ಎಣ್ಣೆ, ಮುಚ್ಚಳಕ್ಕೆ ಎಂದೆ. ಅವರು ಬರೆದುಕೊಂಡರು. ನಾನು ಫೈಲು ಮುಂದಿಟ್ಟೆ. ಓದದೆಯೇ ಸಹಿ ಹಾಕಿ, "ಇದನ್ನು ನಾನು ಹೊರಡುವ ದಿನ ಉಳಿದ ಕಾಗದಗಳ ಜತೆಯೇ ಮೇಜಿನ ಮೇಲಿಟ್ಟಿದ್ದರೆ ಅಂದೇ ಹಾಕುತ್ತಿದ್ದೆನಲ್ಲ" ಎಂದರು. ಆ ಆರು ವಾರ ನನ್ನ ಕಣ್ಣ ಮುಂದೆ ಕೆಗ್ಗಿನ ಹಾಗೆ ಉರುಳಿ ಹೋಯಿತು. 'ಯೆಸ್ ಸರ್' ಎಂದೆ.

ಎರಡು ತಿಂಗಳಲ್ಲಿ ಸೆವ್ರಿನ್ ಮಗುವನ್ನು ಎತ್ತಿಕೊಂಡು ಬಂದಳು. ಏರ್‌ಪೋರ್ಟಿನಲ್ಲಿ ನಾನು ಕೈ ಚಾಚಿದರೆ ರೀನಾ ನನ್ನ ಮುಖ ನೋಡಿ ಚೀರಿದಳು. ಹೊಸದಾಗಿ ಹಿಡಿದ ಬಾಡಿಗೆ ಮನೆಯಲ್ಲಿಯೂ ಅದೇ. ನಾನು ಕೋಣೆಗೆ ಬಂದರೆ ಅಳು, ಹೋದರೆ ನಗು. ಹನ್ನೊಂದು ದಿನ ಹೀಗಾಯಿತು. ಮಗುವಿನ ತಪ್ಪೇನೂ ಇರಲಿಲ್ಲ, ಯಾವನೋ ಮೀಸೆಯವನು ಬಂದು ಅಪ್ಪ ಎಂದರೆ ಯಾರು ನಂಬುತ್ತಾರೆ? ಅಡುಗೆಮನೆಯಲ್ಲಿ ನಿಂತು ಬಾಗಿಲ ಸಂದಿಯಿಂದ ಮಗಳನ್ನು ನೋಡುತ್ತಿದ್ದೆ.

ಹನ್ನೆರಡನೆಯ ದಿನ ಬ್ರಾಡ್‌ವೆಲ್ ನಮ್ಮನ್ನು ಮಧ್ಯಾಹ್ನದ ಊಟಕ್ಕೆ ಕರೆದರು. ಸೆವ್ರಿನ್‌ಗೆ ಕೆಗ್ಗಿನ ಕಥೆಯನ್ನು ನಾನು ಹೇಳಿರಲಿಲ್ಲ; ಕುಡಿಯದ ಗಂಡ ಎಂದೇ ಅವಳ ಮನೆಯವರು ನನ್ನನ್ನು ಒಪ್ಪಿದ್ದರು. ಎರಡನೆಯ ತೆಂಗಿನ ಸ್ಟೌಟ್ ತಯಾರಾಗಿತ್ತು. ನನ್ನಿಂದಲೇ ಸುರಿಸಿದರು, ಈ ಸಲ ತೋಳು ಮಾತ್ರವಲ್ಲ ಎದೆಯೂ ಒದ್ದೆಯಾಯಿತು. ಬ್ರಾಡ್‌ವೆಲ್ ಒಂದು ಗ್ಲಾಸನ್ನು ಸೆವ್ರಿನ್ ಎದುರು ಹಿಡಿದಾಗ, "ಸರ್, ನನ್ನ ಹೆಂಡತಿ ಇದನ್ನೆಲ್ಲ…" ಎಂದು ನಾನು ಶುರು ಮಾಡುವಷ್ಟರಲ್ಲಿ ಅವಳು ಅದನ್ನು ತೆಗೆದುಕೊಂಡು, ಔಷಧಿ ಕುಡಿಯುವವರ ಹಾಗೆ ಕಣ್ಣು ಮುಚ್ಚಿ ಅರ್ಧ ಗ್ಲಾಸು ಮುಗಿಸಿದಳು.

ಆಗಲೇ ಅವಳ ಮಡಿಲಿನಿಂದ ರೀನಾ ನನ್ನ ಕಡೆ ತಿರುಗಿ ಮೂಗು ಅರಳಿಸಿದಳು. ಎರಡೂ ಕೈ ಚಾಚಿದಳು. ಎತ್ತಿಕೊಂಡರೆ ಅಳಲಿಲ್ಲ. ನನ್ನ ಒದ್ದೆ ಅಂಗಿಗೆ ಮುಖ ಒತ್ತಿ, ಒಮ್ಮೆ ಉದ್ದಕ್ಕೆ ಉಸಿರೆಳೆದು, ಮುಷ್ಟಿಯಲ್ಲಿ ನನ್ನ ಕಾಲರ್ ಹಿಡಿದು ನಿದ್ದೆ ಹೋದಳು.

ಸೆವ್ರಿನ್ ಕೊಂಕಣಿಯಲ್ಲಿ, ಬ್ರಾಡ್‌ವೆಲ್ ಅವರಿಗೆ ಅರ್ಥವಾಗದ ಹಾಗೆ, ತಲೆ ತಗ್ಗಿಸಿ ಹೇಳಿದಳು: "ನಿಮಗೆ ಕಾಗದದಲ್ಲಿ ಬರೀಲಿಕ್ಕೆ ಹೆದರಿಕೆ ಆಯ್ತು. ಹೆತ್ತ ಮೇಲೆ ಎದೆಹಾಲು ಸಾಕಾಗ್ಲಿಲ್ಲ. ಅಮ್ಮ ದಿನಾ ಒಂದು ಗ್ಲಾಸ್ ಈ ಕಪ್ಪು ಬಿಯರೇ ಕುಡಿಸ್ತಿದ್ರು, ಪೇಪರಿನಲ್ಲಿ ಸುತ್ತಿ ತರಿಸಿ. ಮೊನ್ನೆ ವಿಮಾನ ಹತ್ತುವವರೆಗೂ. ಇವಳಿಗೆ ನನ್ನ ವಾಸನೆ ಅಂದ್ರೆ ಇದೇ."

ಮಗುವನ್ನು ಎಬ್ಬಿಸದ ಹಾಗೆ ನಾನು ಮೆಲ್ಲನೆ ಸೋಫಾದಲ್ಲಿ ಕುಳಿತೆ. ಸಂಜೆ ಮನೆಗೆ ಬಂದ ಮೇಲೆ ಸೆವ್ರಿನ್ ಅಂಗಿ ಬಿಚ್ಚಿ ಕೊಡಿ, ಒಗೆಯುತ್ತೇನೆ ಎಂದಳು. ನಾನು ಕೊಡಲಿಲ್ಲ. ಮರುದಿನ ಆಫೀಸಿಗೂ ಅದನ್ನೇ ಹಾಕಿಕೊಂಡು ಹೋದೆ.